ಪುಟ್ಟನ ಕಾಲಲ್ಲಿ ಮೇಲುಕೋಟೆ ಬೆಟ್ಟ

ನಮ್ಮ ಮನೆಯ ದೇವರ ಗೂಡಿನಲ್ಲಿ ನಾಲ್ಕು ವರ್ಷದಿಂದ ಒಂದು ಅರಿಶಿನ ಬಟ್ಟೆಯ ಗಂಟು ಇತ್ತು. ಒಳಗೆ ಹನ್ನೊಂದು ರೂಪಾಯಿ. ಕಟ್ಟಿಟ್ಟಿದ್ದು ನಮ್ಮತ್ತೆ. ಪ್ರತಿ ಶುಕ್ರವಾರ ಗೂಡು ಒರೆಸುವಾಗ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಮತ್ತೆ ಅಲ್ಲೇ ಇಡುತ್ತಿದ್ದರು. ಅರಿಶಿನ ಮಾಸಿ ಬಟ್ಟೆ ಬಿಳಿಯಾಗುತ್ತಾ ಬಂದಿತ್ತು.

ಪುಟ್ಟ ಏಳೂವರೆ ತಿಂಗಳಿಗೇ ಹುಟ್ಟಿದವನು. ತೂಕ 1 ಕೆ.ಜಿ. 600 ಗ್ರಾಂ. ಮೂರು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಇದ್ದ. ಅವನ ಪಾದ ನನ್ನ ಹೆಬ್ಬೆರಳಿನಷ್ಟೇ ಇತ್ತು. ಸುಮ್ನೆ ಹೇಳುತ್ತಿಲ್ಲ, ಪಕ್ಕದಲ್ಲಿ ಬೆರಳಿಟ್ಟು ನೋಡಿದ್ದೇನೆ. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದರು. ಅವರ ತವರು ಮಂಡ್ಯದ ಕಡೆ ಹಳ್ಳಿ, ಮನೆದೇವರು ಮೇಲುಕೋಟೆ ನರಸಿಂಹಸ್ವಾಮಿ. ಒಂದು ರಾತ್ರಿ ಅಲ್ಲೇ ಕೂತು ಹರಕೆ ಹೊತ್ತರು. "ಸ್ವಾಮಿ, ಈ ಕೂಸಿನ ಕಾಲು ಗಟ್ಟಿ ಆಗ್ಲಿ. ಅವನ ಕಾಲಲ್ಲೇ ನಿನ್ನ ಬೆಟ್ಟ ಹತ್ತುಸ್ತೀನಿ."

ಹರಕೆ ಹೊರುವಾಗ ಯಾರೂ ಮೆಟ್ಟಿಲು ಲೆಕ್ಕ ಹಾಕುವುದಿಲ್ಲ. ಹತ್ತಿಸುವ ದಿನ ಬಂದಾಗ ತಾನೇ ಗೊತ್ತಾಗುವುದು!

ಎರಡು ವರ್ಷದ ಹಿಂದೆ ಒಂದು ಸಲ ಹೊರಟಿದ್ದೆವು. ಬೇಸಿಗೆ ರಜೆ, ಬಾಡಿಗೆ ಕಾರು. ಹೇಗೂ ಕಾರು ಮಾಡಿದ್ದೇವಲ್ಲ ಅಂತ ಶ್ರೀರಂಗಪಟ್ಟಣದ ರಂಗನಾಥ, ಗಂಜಾಮಿನ ನಿಮಿಷಾಂಬ, ಕರಿಘಟ್ಟ, ಎಲ್ಲ ಒಂದೇ ದಿನಕ್ಕೆ ಸೇರಿಸಿಕೊಂಡೆವು. ನಿಮಿಷಾಂಬ ಗುಡಿಯ ಸಾಲಿನಲ್ಲಿ ನಿಲ್ಲುವ ಹೊತ್ತಿಗೇ ಮಗಳಿಗೆ ಹಸಿವು, ಪುಟ್ಟನಿಗೆ ನಿದ್ದೆ, ನಮ್ಮ ಮನೆಯವರಿಗೆ ಸಿಟ್ಟು. ಮೇಲುಕೋಟೆಗೆ ಬಂದಾಗ ಮಧ್ಯಾಹ್ನ. ಗುಡಿ ಬಾಗಿಲು ಹಾಕಿತ್ತು. ಬರಿಗಾಲಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಇಟ್ಟರೆ ದೋಸೆ ಹೆಂಚಿನ ಮೇಲೆ ಇಟ್ಟ ಹಾಗೆ. ಕೆಳಗಿನಿಂದಲೇ ಕೈ ಮುಗಿದು ವಾಪಸ್ ಬಂದೆವು. ಆವತ್ತೇ ತೀರ್ಮಾನ ಮಾಡಿದೆ, ಮಕ್ಕಳನ್ನು ಕಟ್ಟಿಕೊಂಡು ಹೋಗುವುದಾದರೆ ದಿನಕ್ಕೊಂದು ಊರು ಸಾಕು. ಎಂಟು ದೇವರನ್ನು ಓಡೋಡಿ ನೋಡಿದರೆ ಪುಣ್ಯ ಜಾಸ್ತಿ ಬರುತ್ತದೆ ಅಂತ ನನಗೇನೂ ಅನ್ನಿಸುವುದಿಲ್ಲ. ತಲೆನೋವು ಮಾತ್ರ ಖಂಡಿತ ಬರುತ್ತದೆ.

ಈ ಸಲ ಕ್ರಿಸ್‌ಮಸ್ ರಜೆಯಲ್ಲಿ ಹೋದೆವು. ಧನುರ್ಮಾಸ. ಬೆಳಗಿನ ಚಳಿ, ಬೆಟ್ಟ ಹತ್ತುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ಮೈಸೂರಿನಿಂದ ಬೆಳಕು ಹರಿಯುವ ಮೊದಲೇ ಬಸ್ಸು ಹತ್ತಿದೆವು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದೆಯಲ್ಲ, ಅತ್ತೆಗೆ, ನನಗೆ, ಎಂಟು ವರ್ಷದ ಮಗಳಿಗೆ ಸೊನ್ನೆ ರೂಪಾಯಿ ಟಿಕೆಟ್. ಪುಟ್ಟನಿಗೆ ಇನ್ನೂ ನಾಲ್ಕು, ಅವನಿಗೂ ಟಿಕೆಟ್ ಇಲ್ಲ. ಐದು ಜನರಲ್ಲಿ ದುಡ್ಡು ಕೊಟ್ಟವರು ನಮ್ಮ ಮನೆಯವರು ಒಬ್ಬರೇ. ಅತ್ತೆ ಆಧಾರ್ ಕಾರ್ಡನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದರು.

ಪಾಂಡವಪುರದ ಹತ್ತಿರ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ಸಿಕ್ಕವು. ಬಸ್ಸು ಕುಲುಕಿದಾಗೆಲ್ಲ ಪುಟ್ಟನ ಮುಖ ಬೆಳ್ಳಗಾಗುತ್ತಿತ್ತು. ಅತ್ತೆ ಸೊಂಟದಿಂದ ಒಂದು ನಿಂಬೆಹಣ್ಣು ತೆಗೆದು ಅವನ ಕೈಗಿಟ್ಟು, ಮೂಸುತ್ತಾ ಇರು ಅಂದರು. ಆಮೇಲೆ ಅವನ ಗಮನ ಬೇರೆ ಕಡೆ ತಿರುಗಿಸಲು ಚೆಲುವಪಿಳ್ಳೆ ಕತೆ ಶುರು ಮಾಡಿದರು.

ಕತೆ ಆ ಸೀಮೆಯವರಿಗೆಲ್ಲ ಗೊತ್ತಿರುವುದೇ. ಚೋಳರ ನಾಡಿನಿಂದ ಹೊಯ್ಸಳರ ಸೀಮೆಗೆ ಬಂದ ರಾಮಾನುಜಾಚಾರ್ಯರು ಮೇಲುಕೋಟೆಯಲ್ಲಿ ತಿರುನಾರಾಯಣನ ಮೂಲಮೂರ್ತಿಯನ್ನು ಕಂಡುಕೊಂಡರು. ಆದರೆ ಉತ್ಸವಮೂರ್ತಿ ಇರಲಿಲ್ಲ. ಅದು ದಿಲ್ಲಿಯ ಸುಲ್ತಾನನ ಅರಮನೆ ಸೇರಿತ್ತು. ಹುಡುಕಿಕೊಂಡು ಅಲ್ಲಿಗೇ ಹೋದರು. ನೋಡಿದರೆ ಸುಲ್ತಾನನ ಮಗಳು ಅದನ್ನು ಗೊಂಬೆ ಮಾಡಿಕೊಂಡು ಆಡುತ್ತಿದ್ದಾಳೆ. ರಾಮಾನುಜರು "ಬಾರೋ ನನ್ನ ಚೆಲುವಪಿಳ್ಳೆ" ಅಂತ ಕರೆದರು. ಮೂರ್ತಿ ಪುಟುಪುಟು ನಡೆದು ಬಂದು ಅವರ ಮಡಿಲಲ್ಲಿ ಕೂತಿತು. ಪಿಳ್ಳೆ ಅಂದರೆ ಮಗು. ಅವತ್ತಿನಿಂದ ಆ ದೇವರು ಮಗುವೇ. ಸಂಪತ್ಕುಮಾರ, ಚೆಲುವನಾರಾಯಣ ಅನ್ನುವುದೂ ಅವನ ಹೆಸರೇ. ಮಂಡ್ಯ ಕಡೆ ಬೀದಿಗೊಬ್ಬ ಚೆಲುವ, ಕೇರಿಗೊಬ್ಬಳು ಚೆಲುವಮ್ಮ ಇರುವುದು ಸುಮ್ನೆ ಅಲ್ಲ.

ಅಷ್ಟು ದೂರದಿಂದ ಮೂರ್ತಿಯನ್ನು ತರುವಾಗ ಊರಾಚೆಯ ಕೇರಿಯ ಜನ ರಾಮಾನುಜರಿಗೆ ನೆರವಾದರಂತೆ. ಅವರನ್ನು ತಿರುಕುಲದವರು ಎಂದು ಕರೆದು, ಗುಡಿಯೊಳಗೆ ಬರುವ ಹಕ್ಕನ್ನು ರಾಮಾನುಜರು ಕೊಟ್ಟರು ಎನ್ನುತ್ತಾರೆ. ಅತ್ತೆ ಈ ಮಾತನ್ನು ಎಂದೂ ಬಿಡುವುದಿಲ್ಲ. ಈ ಸಲವೂ ಬಿಡಲಿಲ್ಲ.

ಮಗಳಿಗೆ ಮಾತ್ರ ಕತೆ ಒಪ್ಪಿಗೆಯಾಗಲಿಲ್ಲ. "ಗೊಂಬೆ ಅವಳದು ಅಲ್ವಾ? ತಾತ ಬಂದು ಕರ್ಕೊಂಡು ಹೋಗೋದು ಯಾವ ನ್ಯಾಯ?"

ಅತ್ತೆ ಒಂದು ಕ್ಷಣ ತಬ್ಬಿಬ್ಬಾದರು. "ಅದಕ್ಕೇ ಅವಳೂ ಹಿಂದೇನೇ ಬಂದ್ಲು ಕಣವ್ವ. ಬಿಟ್ಟಿರಕ್ಕೆ ಆಗ್ಲಿಲ್ಲ. ಈಗ್ಲೂ ಸ್ವಾಮಿ ಪಾದದ ಹತ್ರ ಅವಳದೊಂದು ಪುಟ್ಟ ಮೂರ್ತಿ ಐತೆ. ಬೀಬಿ ನಾಚ್ಚಿಯಾರ್ ಅಂತಾರೆ."

"ನಾನು ನೋಡ್ಬೇಕು" ಅಂದಳು ಮಗಳು. ನಾಚ್ಚಿಯಾರ್‌ಗಾದ ಅನ್ಯಾಯವನ್ನು ಖುದ್ದು ವಿಚಾರಿಸುವವಳ ಹಾಗೆ.

ಅತ್ತೆಗೆ ತಮ್ಮ ಬಾಲ್ಯದ ವೈರಮುಡಿ ನೆನಪಾಯಿತು. ಫಾಲ್ಗುಣದಲ್ಲಿ ಆಗುವ ಉತ್ಸವ ಅದು. ಗರುಡ ತಂದುಕೊಟ್ಟದ್ದು ಎನ್ನುವ ವಜ್ರದ ಕಿರೀಟ ವರ್ಷವೆಲ್ಲ ಮಂಡ್ಯದ ಖಜಾನೆಯಲ್ಲಿ ಇರುತ್ತದೆ. ಆ ದಿನ ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಬರುತ್ತದೆ, ರಾತ್ರಿ ಚೆಲುವನಾರಾಯಣನ ಮುಡಿಗೇರುತ್ತದೆ. ದಾರಿಯುದ್ದಕ್ಕೂ ಹಳ್ಳಿಯವರು ಆರತಿ ಹಿಡಿದು ನಿಂತಿರುತ್ತಾರೆ. ಅತ್ತೆಯವರ ಕಾಲದಲ್ಲಿ ಇಡೀ ಮನೆಯವರು ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಗಾಡಿಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಕಂಬಳಿ, ಕಂಬಳಿ ಮೇಲೆ ಆರೇಳು ಮಕ್ಕಳು. ಬುತ್ತಿಗೆ ಹುರಿಗಡಲೆ ಚಟ್ನಿ ಪುಡಿ, ರೊಟ್ಟಿ, ಮೊಸರನ್ನ. ರಾತ್ರಿ ಕಲ್ಯಾಣಿ ಪಕ್ಕದ ಮಂಟಪದಲ್ಲಿ ಸಾಲಾಗಿ ಮಲಗುವುದು. ಒಂದು ಸಲ ಎಣಿಸುವಾಗ ಒಂದು ಮಗು ಜಾಸ್ತಿ ಇತ್ತಂತೆ. ಪಕ್ಕದ ಗಾಡಿಯವರದು, ಚಳಿಗೆ ಉರುಳಿಕೊಂಡು ಇವರ ಕಂಬಳಿಯೊಳಗೆ ಬಂದುಬಿಟ್ಟಿತ್ತು.

ನಾನಾದರೋ ಎರಡು ಮಕ್ಕಳಿಗೆ ಮೂರು ಬ್ಯಾಗು ಹೊತ್ತಿದ್ದೆ.

ಮೇಲುಕೋಟೆಯಲ್ಲಿ ಇಳಿದಾಗ ಮಂಜು ಇನ್ನೂ ಪೂರ್ತಿ ಹೋಗಿರಲಿಲ್ಲ. ಬೆಟ್ಟದ ಮೇಲಿನ ಗೋಪುರ ಅರ್ಧ ಕಾಣುತ್ತಿತ್ತು. ಮೆಟ್ಟಿಲ ಬುಡದಲ್ಲಿ ಅತ್ತೆ ಪುಟ್ಟನ ಚಪ್ಪಲಿ ಬಿಚ್ಚಿಸಿದರು. ಅರಿಶಿನದ ಗಂಟನ್ನು ಅವನ ಅಂಗಿ ಜೇಬಿಗೆ ಹಾಕಿ ಪಿನ್ ಚುಚ್ಚಿದರು. "ಎತ್ಕೋ ಅಂತ ಕೇಳ್ಬಾರ್ದು ಮಗ. ಸ್ವಾಮಿ ನೋಡ್ತಾ ಇರ್ತಾನೆ."

ಮೊದಲ ಭಾಗ ಸಲೀಸು. ತಣ್ಣನೆ ಕಲ್ಲು ಅವನಿಗೆ ಮೋಜು. ಮಗಳು ಮೆಟ್ಟಿಲು ಎಣಿಸುತ್ತಾ ಮುಂದೆ. ನಮ್ಮ ಮನೆಯವರೂ ಮನಸ್ಸಿನಲ್ಲೇ ಎಣಿಸುತ್ತಿದ್ದರು. ಅಪ್ಪ ಮಗಳ ಲೆಕ್ಕ ಒಂದು ಕಡೆಯೂ ಹೊಂದಲಿಲ್ಲ. ಪಕ್ಕದಲ್ಲಿ ನೆಲ್ಲಿಕಾಯಿ, ಸೀಳಿದ ಸೌತೆಕಾಯಿಗೆ ಖಾರದ ಪುಡಿ ಹಚ್ಚಿ ಮಾರುತ್ತಿದ್ದರು. ಅಷ್ಟರಲ್ಲಿ ಒಂದು ಕೋತಿ ಗೋಡೆಯಿಂದ ನೆಗೆದು, ಅತ್ತೆಯ ಕೈಯಲ್ಲಿದ್ದ ಹಣ್ಣುಕಾಯಿ ಬುಟ್ಟಿಯಿಂದ ಬಾಳೆಹಣ್ಣು ಎಗರಿಸಿಕೊಂಡು ಹೋಯಿತು. ನಾನು ಅಯ್ಯೋ ಅಂದೆ. ಅತ್ತೆ ಬುಟ್ಟಿ ಸರಿಮಾಡಿಕೊಂಡು, "ಹನುಮಪ್ಪಂಗೆ ಮೊದ್ಲು ಆಯ್ತು, ತಗಾ" ಅಂದರು. ಮಗಳ ಎಣಿಕೆ ಅಲ್ಲಿಗೆ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದಳು.

ಅರ್ಧ ದಾಟಿದ ಮೇಲೆ ಪುಟ್ಟನ ಆಟ ಮುಗಿಯಿತು. ಮೆಟ್ಟಿಲು ಅವನ ಮೊಣಕಾಲಿನ ಎತ್ತರ. ಕೈ ಊರಿ, ಒಂದು ಕಾಲು ಎತ್ತಿ, ಇನ್ನೊಂದನ್ನು ಎಳೆದುಕೊಳ್ಳಬೇಕು. ಅವರಪ್ಪ "ಪ್ರಹ್ಲಾದ ಒಬ್ಬನೇ ಹತ್ತಿ ಈ ಸ್ವಾಮಿನ ಇಟ್ಟಿದ್ದು ಗೊತ್ತಾ" ಅಂತ ಹುರಿದುಂಬಿಸಿದರು. ಇಲ್ಲಿನ ಯೋಗನರಸಿಂಹನನ್ನು ಪ್ರಹ್ಲಾದನೇ ಪ್ರತಿಷ್ಠೆ ಮಾಡಿದ ಎಂಬ ನಂಬಿಕೆ ಇದೆ. ಪುಟ್ಟ ನಿಂತು ಕೇಳಿದ, "ಅವನಿಗೆ ಕಾಲು ನೋವಾಗ್ಲಿಲ್ವಾ?" ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವನು ಅಲ್ಲೇ ಕೂತುಬಿಟ್ಟ. ಅಳಲಿಲ್ಲ. ಎತ್ಕೋ ಅಂತಲೂ ಕೇಳಲಿಲ್ಲ, ಅಜ್ಜಿ ಹೇಳಿದ್ದರಲ್ಲ. ಎರಡು ಕೈ ಮಾತ್ರ ನನ್ನ ಕಡೆ ಚಾಚಿದ.

ಅತ್ತೆ ತಿರುವಿನ ಕೆಳಗೆ, ಮಂಡಿ ಹಿಡಿದುಕೊಂಡು ನಿಧಾನ ಬರುತ್ತಿದ್ದರು. ನಾನು ಹಿಂದೆ ನೋಡಿದೆ. ಎತ್ತಿಕೊಂಡೆ.

ಬೆವರಿನಲ್ಲಿ ಅವನ ಕೆನ್ನೆ ನನ್ನ ಕುತ್ತಿಗೆಗೆ ಅಂಟಿಕೊಂಡಿತು. ಗಾಜಿನ ಪೆಟ್ಟಿಗೆಯಿಂದ ಮೊದಲ ಸಲ ನನ್ನ ಎದೆಗೆ ಕೊಟ್ಟಾಗ ಹಕ್ಕಿ ಮರಿಯಷ್ಟೂ ಭಾರ ಇರಲಿಲ್ಲ. ಈಗ ಹತ್ತು ಮೆಟ್ಟಿಲಿಗೇ ಏದುಸಿರು. ಆ ಉಸಿರಿನ ಮಧ್ಯೆ ನನ್ನ ಬಾಯಲ್ಲಿ ಯಾವ ಶ್ಲೋಕವೂ ಬರಲಿಲ್ಲ. ನರಸಿಂಹ, ಭಾರವಾಗಿದ್ದಾನೆ, ನರಸಿಂಹ, ಭಾರವಾಗಿದ್ದಾನೆ, ಇಷ್ಟೇ ಬಂದದ್ದು. ಅದು ದೂರು ಅಲ್ಲ ಅಂತ ಸ್ವಾಮಿಗೆ ತಿಳಿದಿರಬೇಕು.

"ಇಪ್ಪತ್ಮೂರು" ಅಂದಳು ಮಗಳು, ನಾನು ಇಳಿಸಿದಾಗ. ಕೋತಿಯಿಂದ ತಪ್ಪಿದ್ದ ಅವಳ ಎಣಿಕೆ, ನಾನು ಅವನನ್ನು ಎತ್ತಿಕೊಂಡ ಮೆಟ್ಟಿಲುಗಳಲ್ಲಿ ಮಾತ್ರ ತಪ್ಪಿರಲಿಲ್ಲ.

ಉಳಿದದ್ದನ್ನು ಅವನೇ ಹತ್ತಿದ. ಮೇಲಿನಿಂದ ನೋಡಿದರೆ ಕಲ್ಯಾಣಿ ಹಸಿರು ಚೌಕಾಬಾರದ ಮನೆಯಂತೆ ಕಾಣುತ್ತಿತ್ತು. ಒಳಗೆ ಸಾಲು ಚಿಕ್ಕದೇ. ಆದರೆ ಗರ್ಭಗುಡಿ ಕಣ್ಣಿಗೆ ಬೀಳಲು ನಾಲ್ಕು ಜನ ಬಾಕಿ ಇರುವಾಗ ಪುಟ್ಟ ನನ್ನ ಸೆರಗು ಎಳೆದು, "ಅಮ್ಮಾ, ಸುಸ್ಸು" ಅಂದ. ಮಕ್ಕಳಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಪ್ಪ ಅವನನ್ನು ಎತ್ತಿಕೊಂಡು ಹೊರಗೆ ಓಡಿದರು, ನಾವು ಹಿಂದಿನವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತೆವು. ಕೈಕಾಲು ತೊಳೆಸಿಕೊಂಡು ಬಂದಾಗ ಸಾಲು ಕರಗಿತ್ತು. ಅರ್ಚಕರು ಆರತಿ ಎತ್ತಿದರು. ಕತ್ತಲಲ್ಲಿ ಸ್ವಾಮಿಯ ಮುಖ ಒಂದು ಸಲ ಬೆಳಗಿತು, ಮತ್ತೆ ಕತ್ತಲೆ. ಅತ್ತೆ ಕಣ್ಣು ಮುಚ್ಚಿದ್ದರು. ಇಷ್ಟು ವರ್ಷ ಕಾದು ಬಂದು ಆ ಕ್ಷಣಕ್ಕೆ ಕಣ್ಣು ಮುಚ್ಚಿಕೊಳ್ಳುತ್ತಾರಲ್ಲ ಅಂತ ನನಗೆ ಯಾವಾಗಲೂ ಆಶ್ಚರ್ಯ. ಆಮೇಲೆ ಪಿನ್ ಬಿಚ್ಚಿ ಗಂಟನ್ನು ಪುಟ್ಟನ ಕೈಗೆ ಕೊಟ್ಟರು. ಹುಂಡಿಯ ಬಾಯಿ ಅವನಿಗೆ ಎಟುಕಲಿಲ್ಲ. ತುದಿಗಾಲಲ್ಲಿ ನಿಂತ. ಆಗಲೂ ಎಟುಕಲಿಲ್ಲ. ಅತ್ತೆಯೇ ಅವನ ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಗಂಟು ಟಣ್ ಅಂತ ಒಳಗೆ ಬಿತ್ತು.

ಪ್ರಾಕಾರದಲ್ಲಿ ಕೂತಾಗ ನನಗೆ ತಡೆಯಲಾಗಲಿಲ್ಲ. "ಅತ್ತೆ, ಮಧ್ಯದಲ್ಲಿ ಸ್ವಲ್ಪ ಎತ್ಕೊಂಡುಬಿಟ್ಟೆ" ಅಂದೆ.

ಅತ್ತೆ ತೆಂಗಿನಕಾಯಿ ಹೋಳಿನಿಂದ ಒಂದು ಚೂರು ಮುರಿಯುತ್ತಿದ್ದರು. ತಲೆ ಎತ್ತಲಿಲ್ಲ. "ನಾನೇನು ನಡ್ಕಂಡು ನೋಡಿದ್ನಾ ವೈರಮುಡಿಯ? ನಮ್ಮಪ್ಪನ ಹೆಗಲ ಮ್ಯಾಲೆ ಕುಂತ್ಕಂಡು ನೋಡ್ದೆ ಕಣವ್ವ." ಕಾಯಿ ಚೂರನ್ನು ನನ್ನ ಕೈಗಿಟ್ಟರು. ಆ ಮಾತು ಅಲ್ಲಿಗೆ ಮುಗಿಯಿತು.

ಇಳಿಯುವಾಗ ಅಂಗಡಿಯಲ್ಲಿ ಸ್ವಾಮಿಯ ಒಂದು ಫೋಟೊ ಬೇಕು ಅಂತ ಪುಟ್ಟ ಹಟ ಹಿಡಿದ. ಯೋಗನರಸಿಂಹ ಕೂರುವುದು ಮಂಡಿ ಮಡಚಿ, ಎರಡೂ ಕಾಲಿಗೆ ಸುತ್ತ ಯೋಗಪಟ್ಟಿ ಬಿಗಿದುಕೊಂಡು. ಪುಟ್ಟ ಆ ಪಟ್ಟಿಯ ಮೇಲೆ ಬೆರಳಿಟ್ಟ. "ಸ್ವಾಮಿಗೂ ಕಾಲು ನೋವು. ಅಜ್ಜಿ ಥರ ಪಟ್ಟಿ ಹಾಕ್ಕೊಂಡಿದಾನೆ." ಅತ್ತೆ ಮಂಡಿನೋವಿಗೆ ಹಾಕುವ ಬಿಗಿ ಪಟ್ಟಿ ಅವನ ಕಣ್ಣಲ್ಲಿತ್ತು. ಅತ್ತೆ ಆ ಫೋಟೊವನ್ನು ಅವನ ಕೈಯಿಂದ ತೆಗೆದುಕೊಂಡು ತುಂಬಾ ಹೊತ್ತು ನೋಡಿದರು.

ಕಲ್ಯಾಣಿಯಲ್ಲಿ ಕಾಲು ಇಳಿಬಿಟ್ಟು ಕೂತೆವು. ಪುಳಿಯೋಗರೆ ಪುಟ್ಟನಿಗೆ ಖಾರವಾಯಿತು, ಮನೆಯಿಂದ ತಂದ ಮೊಸರನ್ನ ಅವನಿಗೆ, ಪುಳಿಯೋಗರೆ ನಮಗೆ. ಬಾಗಿಲು ಹಾಕುವ ಮೊದಲು ಚೆಲುವನಾರಾಯಣನ ಗುಡಿಗೂ ಹೋಗಿ ಬಂದೆವು. ಜನ ಜಾಸ್ತಿ ಇದ್ದರು. ಮಗಳನ್ನು ಅವರಪ್ಪ ಎತ್ತಿ ಹಿಡಿದರು. ಹೂವಿನ ರಾಶಿಯ ನಡುವೆ ಅವಳಿಗೆ ಏನು ಕಂಡಿತೋ. "ನಾಚ್ಚಿಯಾರ್ ಸಿಕ್ಕಿದ್ಳಾ?" ಅಂತ ಕೇಳಿದೆ. "ಹೂಂ. ಬೇಜಾರಿಲ್ಲ ಅವಳಿಗೆ" ಅಂದಳು.

ವಾಪಸ್ ಬರುವ ಬಸ್ಸಿನಲ್ಲಿ ಪುಟ್ಟ ಅತ್ತೆಯ ತೊಡೆಯ ಮೇಲೆ ಮಲಗಿಬಿಟ್ಟ. ಅಂಗಾಲಿನ ತುಂಬ ಧೂಳು, ಕುಂಕುಮದ ಕಲೆ. ಅತ್ತೆ ಸೆರಗಿನ ತುದಿಯನ್ನು ನೀರಲ್ಲಿ ಒದ್ದೆ ಮಾಡಿಕೊಂಡು ಒಂದೊಂದೇ ಬೆರಳು ಒರೆಸುತ್ತಿದ್ದರು. ಕಂಡಕ್ಟರ್ ಬಂದು, "ಮಗುಗೆ ಎಷ್ಟು ವರ್ಷ ಅಜ್ಜಿ?" ಅಂದರು.

"ನಾಲ್ಕು ಕಣಪ್ಪ. ಬೆಟ್ಟ ಪೂರ್ತಿ ಅವನ ಕಾಲಲ್ಲೇ ಹತ್ತವ್ನೆ."

"ಅಜ್ಜಿ, ಇಪ್ಪತ್ಮೂರು..." ಅಂತ ಮಗಳು ಬಾಯಿ ತೆರೆದಳು. ಕೈಯಲ್ಲಿದ್ದ ನೆಲ್ಲಿಕಾಯಿಯನ್ನು ಅವಳ ಬಾಯಿಗೆ ಹಾಕಿದೆ.