“ಪ್ರಾರ್ಥನೆ ಬರುವುದಿಲ್ಲ ಟೀಚರ್, ಏನು ಮಾಡಲಿ?”

ನಮ್ಮ ಕ್ರೈಸ್ತ ಸಭೆಯ ಭಾನುವಾರ ಶಾಲೆಯಲ್ಲಿ ಪಾಠ ಹೇಳಲು ತೊಡಗಿ ನನಗೆ ಇಪ್ಪತ್ತಾರು ವರ್ಷವಾಯಿತು. ಚಾಪೆಯ ಮೇಲೆ ಕೂತು ಕಂಠಪಾಠದ ವಾಕ್ಯ ಒಪ್ಪಿಸುತ್ತಿದ್ದ ಮಕ್ಕಳು ಈಗ ಬೆಂಗಳೂರಿನಲ್ಲಿದ್ದಾರೆ, ದುಬೈಯಲ್ಲಿದ್ದಾರೆ, ಕೆಲವರು ಇದೇ ಉಡುಪಿಯಲ್ಲಿ ಅಂಗಡಿ ಇಟ್ಟಿದ್ದಾರೆ. ಕ್ರಿಸ್ಮಸ್ಸಿಗೋ ಮದುವೆಗೋ ಊರಿಗೆ ಬಂದಾಗ ದೇವಾಲಯದ ಅಂಗಳದಲ್ಲಿ ಸಿಗುತ್ತಾರೆ. ಕುಶಲ ಮುಗಿದು, ಸುತ್ತಲಿನವರು ಚದುರಿದ ಮೇಲೆ ಸ್ವರ ತಗ್ಗಿಸಿ ಕೇಳುವ ಪ್ರಶ್ನೆ ಮಾತ್ರ ಒಂದೇ. “ಟೀಚರ್, ಮೊದಲಿನ ಹಾಗೆ ಪ್ರಾರ್ಥನೆ ಬರುವುದಿಲ್ಲ. ದೇವರಿಲ್ಲ ಅಂತ ಅಲ್ಲ. ಕಣ್ಣು ಮುಚ್ಚಿದರೆ ಗೋಡೆಯ ಹತ್ತಿರ ಮಾತಾಡಿದ ಹಾಗಾಗುತ್ತದೆ. ಏನು ಮಾಡಲಿ?”

ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಹುಡುಗಿ ಇದನ್ನು ಕೇಳಿದ್ದಾಳೆ. ಎರಡನೇ ಹೆರಿಗೆಯ ನಂತರ ತವರಿನಲ್ಲಿದ್ದವಳು ಕೇಳಿದ್ದಾಳೆ. ಪ್ರತಿ ಭಾನುವಾರ ವೇದಿಯ ಪಕ್ಕ ನಿಂತು ಪಾಠ ಓದುವ ಹಿರಿಯರೊಬ್ಬರು, ನನಗಿಂತ ಹದಿನೈದು ವರ್ಷ ದೊಡ್ಡವರು, ಸಭಾಭವನದ ಹಿಂದೆ ಕೈತೊಳೆಯುವ ನಲ್ಲಿಯ ಬಳಿ ಇದನ್ನೇ ಕೇಳಿದಾಗ ನಾನು ಸ್ವಲ್ಪ ಹೊತ್ತು ನಲ್ಲಿ ನಿಲ್ಲಿಸುವುದನ್ನೇ ಮರೆತೆ.

ಮೊದಲೆಲ್ಲ ನನ್ನ ಉತ್ತರವೂ ಎಲ್ಲರ ಉತ್ತರವೇ ಆಗಿತ್ತು. ಭಕ್ತಿಯನ್ನು ಮತ್ತೆ ಹೊತ್ತಿಸುವ ಉಜ್ಜೀವನ ಕೂಟಕ್ಕೆ ಹೋಗು. ಶುಕ್ರವಾರ ಉಪವಾಸ ಮಾಡು. ಹೊಸ ವರ್ಷದಿಂದ ಸತ್ಯವೇದವನ್ನು, ಅಂದರೆ ಬೈಬಲನ್ನು, ಪೂರ್ತಿ ಓದಲು ಹಿಡಿ. ಇವುಗಳಿಂದ ಯಾರಿಗೂ ಒಳ್ಳೆಯದಾಗಿಲ್ಲ ಎನ್ನುವುದಿಲ್ಲ. ಉಜ್ಜೀವನ ಕೂಟದ ಮೂರನೆಯ ರಾತ್ರಿ ನಾನೂ ಅತ್ತಿದ್ದೇನೆ, ಆ ಕಣ್ಣೀರು ಸುಳ್ಳಾಗಿರಲಿಲ್ಲ. ಆದರೆ ಪೆಂಡಾಲ್ ಬಿಚ್ಚಿದ ಮೇಲೆ ಸೋಮವಾರ ಬರುತ್ತದೆ, ಮಂಗಳವಾರವೂ ಬರುತ್ತದೆ. ಇನ್ನು ವರ್ಷದ ಓದಿನ ಲೆಕ್ಕ ನೋಡಿ. ಸತ್ಯವೇದದಲ್ಲಿ 1,189 ಅಧ್ಯಾಯಗಳಿವೆ. ದಿನಕ್ಕೆ ಮೂರೋ ನಾಲ್ಕೋ ಓದಬೇಕು. ಆದಿಕಾಂಡ ಕಥೆಯ ಹಾಗೆ ಸಾಗುತ್ತದೆ. ವಿಮೋಚನಕಾಂಡದಲ್ಲಿ ಸಮುದ್ರ ದಾಟುವವರೆಗೂ ತೊಂದರೆಯಿಲ್ಲ, ಆಮೇಲೆ ದೇವರಿಗೆ ಕಟ್ಟುವ ಗುಡಾರದ ಮೊಳದ ಲೆಕ್ಕ ಶುರು. ಜನವರಿ ಮುಗಿಯುವ ಹೊತ್ತಿಗೆ ಸರಿಯಾಗಿ ಯಾಜಕಕಾಂಡದ ಬಾಗಿಲು. ಅಲ್ಲಿ ಕುಷ್ಠದ ಪರೀಕ್ಷೆಯ ವಿವರಗಳ ನಡುವೆ ಎಷ್ಟು ಜನರ ನಿರ್ಧಾರ ಮಲಗಿದೆಯೋ! ಓದು ನಿಂತರೆ ನಿಂತಿತು ಎನ್ನಬಹುದಿತ್ತು. ಆದರೆ ಮೊದಲೇ ಒಣಗಿದ್ದ ಮನಸ್ಸಿನ ಮೇಲೆ ಒಂದು ಸೋಲು ಕೂಡ ಬಂದು ಕೂರುತ್ತದೆ.

ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ನನಗೂ ಹೀಗೆಯೇ ಆಗಿತ್ತು. ಮಕ್ಕಳಿಗೆ ಸಿಂಹದ ಗವಿಯಲ್ಲಿದ್ದ ದಾನಿಯೇಲನ ಕಥೆ ಹೇಳಿ ಮನೆಗೆ ಬಂದು, ರಾತ್ರಿ ಒಂದು ಮಾತೂ ದೇವರಿಗೆ ಹೇಳದೆ ದೀಪ ಆರಿಸುತ್ತಿದ್ದೆ. ಸಭಾಪಾಲಕರಿಗೆ ಹೇಳಲು ನಾಚಿಕೆ. ಅಕ್ಕನಿಗೆ ಹೇಳೋಣವೆಂದರೆ ಅವಳ ಜೊತೆ ಮಾತು ನಿಂತಿತ್ತು. ಆ ಕಥೆ ಆಮೇಲೆ.

ಆಗ ನನ್ನನ್ನು ಹೆಚ್ಚು ಕಾಡಿದ್ದು ಒಣಗಿದ್ದೇನೆ ಎನ್ನುವುದಲ್ಲ, ಒಣಗಬಾರದಿತ್ತು ಎನ್ನುವುದು. ನಂಬಿಕೆ ಅಂದರೆ ಎದೆಯಲ್ಲಿ ಬೆಚ್ಚಗೆ ಅನ್ನಿಸಬೇಕು ಎಂಬ ಈ ಹಟ ನಮಗೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ದಾರಿ ಜರ್ಮನಿಗೆ ಹೋಗುತ್ತದೆ. 1675ರಲ್ಲಿ ಫ್ರಾಂಕ್‌ಫರ್ಟಿನ ಪಾದ್ರಿ ಫಿಲಿಪ್ ಸ್ಪೆನರ್, ಬರೀ ಪೀಠದ ಪ್ರಸಂಗ ಕೇಳಿದರೆ ಸಾಲದು, ಸಾಮಾನ್ಯ ಜನ ಮನೆಗಳಲ್ಲಿ ಸೇರಿ ಸತ್ಯವೇದ ಓದಬೇಕು, ಧರ್ಮ ತಲೆಯಿಂದ ಎದೆಗೆ ಇಳಿಯಬೇಕು ಎಂದು ಬರೆದರು. ಆ ಚಳವಳಿಗೆ ಪಯಟಿಸಂ ಎಂದು ಹೆಸರಾಯಿತು. ಅದು ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ರೈತರು, ಕುಶಲಕರ್ಮಿಗಳ ಮನೆಗಳಲ್ಲಿ ಬೇರು ಬಿಟ್ಟಿತು. ಅದೇ ನೆಲದ ಜನರ ಬೆಂಬಲದಿಂದ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಬಾಸೆಲ್ ಮಿಷನ್ ಎಂಬ ಧರ್ಮಪ್ರಚಾರ ಸಂಸ್ಥೆ ಹುಟ್ಟಿತು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಅದರ ಮೂವರು ಮಂಗಳೂರಿಗೆ ಬಂದರು. ಹಂಚಿನ ಕಾರ್ಖಾನೆ, ಅಚ್ಚುಕೂಟ, ಕಿಟೆಲರ ನಿಘಂಟು ಇವೆಲ್ಲ ಕನ್ನಡನಾಡಿಗೇ ಗೊತ್ತಿರುವ ಸಂಗತಿ. ನಮ್ಮ ಮನೆಗಳಿಗೆ ಅವರು ತಂದದ್ದು ಇನ್ನೊಂದು: ಸಂಜೆಯ ಕುಟುಂಬ ಪ್ರಾರ್ಥನೆ. ಅದರ ಜೊತೆಗೇ, ಹೃದಯ ಉರಿಯುತ್ತಿರಬೇಕು ಎಂಬ ನಿರೀಕ್ಷೆಯೂ ಬಂತು. ಮೊದಲನೆಯದು ಆಸ್ತಿ. ಎರಡನೆಯದನ್ನು ಒಮ್ಮೊಮ್ಮೆ ಇಳಿಸಿಡಬೇಕಾಗುತ್ತದೆ ಎಂದು ನನಗೆ ಅನ್ನಿಸಿದೆ.

ಅಜ್ಜಿಯ ಮನೆಯ ಕುಟುಂಬ ಪ್ರಾರ್ಥನೆಯಲ್ಲಿ ಉರಿಯುತ್ತಿದ್ದದ್ದು ಸೀಮೆಎಣ್ಣೆಯ ದೀಪ ಒಂದೇ. ಏಳೂವರೆಗೆ ಸರಿಯಾಗಿ ಅಜ್ಜಿ ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತಿಟ್ಟ ಸತ್ಯವೇದ ತೆಗೆಯುವರು. ಅಜ್ಜ ಹಾಡಿನ ನಂಬರು ಹೇಳುವರು. ಜರ್ಮನ್ ರಾಗ, ಕನ್ನಡ ಪದ, ತುಳು ಉಚ್ಚಾರ. ನಾವು ಮಕ್ಕಳು ಅನ್ನ ಸಾರಿನ ವಾಸನೆಗೆ ಮೂಗು ಅರಳಿಸುತ್ತ ತೂಕಡಿಸುವೆವು. ಮನೆಯಲ್ಲಿ ಆಡುವುದು ತುಳು, ದೇವರ ಹತ್ತಿರ ಆಡುವುದು ಕನ್ನಡ. ಅದೂ ಎಂಥ ಕನ್ನಡ! “ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ” ಎಂದು ಬೇರೆ ಯಾರ ಮನೆಯಲ್ಲಿ ಯಾರು ಮಾತಾಡುತ್ತಾರೆ? ನಮ್ಮದಲ್ಲದ ಮಾತುಗಳನ್ನು ಬಾಯಿ ತುಂಬ ಹೇಳಿ ಎದ್ದು ಊಟಕ್ಕೆ ಹೋಗುತ್ತಿದ್ದೆವು. ಏನು ಅನ್ನಿಸಿತು ಎಂದು ಅಜ್ಜಿ ಒಂದು ದಿನವೂ ಕೇಳಿದ್ದಿಲ್ಲ.

ಒಣಗಿದ ಆ ಎರಡನೆಯ ವರ್ಷದಲ್ಲಿ, ಮಾರ್ಟಿನ್ ಲೂಥರ್ ತನ್ನ ಕ್ಷೌರಿಕನಿಗೆ ಬರೆದ ಒಂದು ಸಣ್ಣ ಬರಹ ನನಗೆ ಸಿಕ್ಕಿತು. ಪೀಟರ್ ಬೆಸ್ಕೆಂಡಾರ್ಫ್ ಎಂಬ ಆ ಕ್ಷೌರಿಕ, ಪ್ರಾರ್ಥನೆ ಮಾಡುವುದು ಹೇಗೆ ಎಂದು ಕೇಳಿದ್ದ. 1535ರಲ್ಲಿ ಲೂಥರ್ ಉತ್ತರ ಬರೆದ. ಯುರೋಪಿನ ಧರ್ಮವನ್ನೇ ಅಲುಗಾಡಿಸಿದ ಮನುಷ್ಯ ತನಗೂ ಪ್ರಾರ್ಥನೆ ತಣ್ಣಗಾಗುತ್ತದೆ, ಬೇಸರ ಬರುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಆಗ ಏನು ಮಾಡುತ್ತಾನಂತೆ? ಸತ್ಯವೇದದ ಹಾಡುಗಳಾದ ಕೀರ್ತನೆಗಳ ಪುಸ್ತಕ ಹಿಡಿದು ಕೋಣೆಗೋ ದೇವಾಲಯಕ್ಕೋ ಹೋಗುತ್ತಾನೆ. ಹತ್ತು ಆಜ್ಞೆಗಳನ್ನು, ವಿಶ್ವಾಸಪ್ರಮಾಣವನ್ನು, ಸಮಯವಿದ್ದರೆ ಕೆಲವು ಕೀರ್ತನೆಗಳನ್ನು, ಮಕ್ಕಳು ಪಾಠ ಒಪ್ಪಿಸುವ ಹಾಗೆ ಒಂದೊಂದೇ ಮಾತಾಗಿ ಬಾಯಲ್ಲಿ ಹೇಳಿಕೊಳ್ಳುತ್ತಾನೆ. ಪೀಟರನಿಗೆ ಹೇಳಿದ ಉದಾಹರಣೆಯಂತೂ ಅವನ ಕಸುಬಿನದೇ: ಕ್ಷೌರಿಕ ಕಣ್ಣು ಮನಸ್ಸುಗಳನ್ನು ಕತ್ತಿಯ ಮೇಲೆ ಇಡಬೇಕು, ಹರಟುತ್ತ ಅತ್ತಿತ್ತ ನೋಡಿದರೆ ಗಿರಾಕಿಯ ಮೂಗು ಹೋದೀತು. ಅದನ್ನು ಓದಿ ನಾನು ನಕ್ಕೆ. ಎರಡು ವರ್ಷಗಳಲ್ಲಿ ಪ್ರಾರ್ಥನೆಯ ವಿಷಯದಲ್ಲಿ ನನಗೆ ನಗು ಬಂದದ್ದು ಅದೇ ಮೊದಲು.

ಮಕ್ಕಳು ಒಪ್ಪಿಸುವ ಹಾಗೆ. ಇಪ್ಪತ್ತು ಚಿಲ್ಲರೆ ವರ್ಷ ನಾನು ಮಕ್ಕಳಿಂದ ಮಾಡಿಸಿದ್ದು ಅದನ್ನೇ ಅಲ್ಲವೇ?

ಈಗ ಕೇಳಿದವರಿಗೆ ನಾನು ಹೇಳುವುದು ಇಷ್ಟು. ನಿನ್ನ ಸ್ವಂತ ಮಾತು ಬತ್ತಿದ್ದರೆ ಬತ್ತಲಿ, ಅದನ್ನು ಹಿಂಡಬೇಡ. ಬೇರೆಯವರು ಬರೆದಿಟ್ಟ ಮಾತು ತೆಗೆದುಕೋ, ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಕಿವಿಗೆ ಕೇಳುವ ಹಾಗೆ ಬಾಯಿಬಿಟ್ಟು ಓದು. ಹೊತ್ತು ಹುಡುಕುವುದಕ್ಕೆ ಹೋಗಬೇಡ, ಈಗಾಗಲೇ ಇರುವ ಹೊತ್ತಿಗೆ ಅಂಟಿಸು. ನನ್ನದು ಇಡ್ಲಿಯ ಹೊತ್ತು. ಪಾತ್ರೆಯ ಮುಚ್ಚಳ ಹಾಕಿದ ಮೇಲೆ ಹತ್ತು ಹನ್ನೆರಡು ನಿಮಿಷ ಯಾರಿಗೂ ನಾನು ಬೇಡ. ಗೋಧಿಹಿಟ್ಟಿನ ಡಬ್ಬದ ಪಕ್ಕದಲ್ಲಿ ದೊಡ್ಡಕ್ಷರದ ಕೀರ್ತನೆಗಳ ಪುಸ್ತಕ ಇಟ್ಟಿದ್ದೇನೆ. 34ನೆಯ ಕೀರ್ತನೆಯ ಹಾಳೆಯ ಮೇಲೆ ತೆಂಗಿನೆಣ್ಣೆ ಬಿದ್ದು ಆಚೆ ಬದಿಯ ಅಕ್ಷರವೂ ಕಾಣುತ್ತದೆ. ದಿನಕ್ಕೊಂದೇ ಕೀರ್ತನೆ. ಇರುವುದು 150. ಒಂದು ತಕರಾರು 119ರದ್ದು, ಅದರಲ್ಲಿ 176 ವಚನ. ಇಡ್ಲಿ ಬೆಂದು ಕಲ್ಲಾದರೂ ಅದು ಮುಗಿಯುವುದಿಲ್ಲ. ಪುಣ್ಯಕ್ಕೆ ಅದು ಹೀಬ್ರೂ ಅಕ್ಷರಮಾಲೆಯ ಲೆಕ್ಕದಲ್ಲಿ ಎಂಟೆಂಟು ವಚನದ 22 ಭಾಗಗಳಾಗಿದೆ. ಹಾಗಾಗಿ ನನ್ನ ಒಂದು ಸುತ್ತು 171 ದಿನ. ದೋಸೆಯ ದಿನ ಏನು ಮಾಡುತ್ತೀರಿ ಎಂದು ಒಬ್ಬಳು ಕೇಳಿದಳು. ದೋಸೆಯ ದಿನ 117ನ್ನು ಓದುತ್ತೇನೆ, ಎರಡೇ ವಚನ, ಒಂದು ದೋಸೆ ಮಗುಚುವುದರೊಳಗೆ ಮುಗಿಯುತ್ತದೆ.

ಮೊಬೈಲಿನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಬರುವ ದಿನದ ವಾಕ್ಯ ಸಾಲದೇ ಎಂದೂ ಕೇಳುತ್ತಾರೆ. ನನಗೆ ಸಾಲಲಿಲ್ಲ. ಅಲ್ಲಿ ಬರುವುದೆಲ್ಲ ಸಿಹಿ ವಾಕ್ಯ. “ಯೆಹೋವನು ನನಗೆ ಕುರುಬನು” ಬರುತ್ತದೆ, ಅದರ ಹಿಂದಿನ 22ನೆಯ ಕೀರ್ತನೆಯ ಕೂಗು ಬರುವುದಿಲ್ಲ: ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ ಎಂಬುದು. 13ರಲ್ಲಿ ಕೀರ್ತನೆಗಾರ ಎಷ್ಟು ದಿನ, ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಎಂದು ಜಗಳಕ್ಕೇ ನಿಲ್ಲುತ್ತಾನೆ. 88 ಇನ್ನೂ ಕಷ್ಟ. ಬಹುಪಾಲು ದುಃಖದ ಕೀರ್ತನೆಗಳು ಕೊನೆಗೆ ಸ್ತುತಿಯ ಕಡೆ ಹೊರಳುತ್ತವೆ, ಅದು ಹೊರಳುವುದೇ ಇಲ್ಲ. ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಮೊದಲ ಸುತ್ತಿನಲ್ಲಿ ಅದನ್ನು ಓದಿ ಮುಗಿಸಿ ಮುಚ್ಚಳ ತೆಗೆದಾಗ ಹಬೆಯಲ್ಲಿ ಕನ್ನಡಕ ಮಂಜಾಯಿತು. ಒರೆಸಿಕೊಳ್ಳದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಗೋಡೆಯ ಹತ್ತಿರ ಮಾತಾಡುವ ಈ ಕಷ್ಟವನ್ನು ಯಾರೋ ಸಾವಿರಾರು ವರ್ಷದ ಹಿಂದೆ ಬರೆದಿದ್ದಾರೆ, ಬರೆದದ್ದನ್ನು ತೆಗೆದುಹಾಕದೆ ಸತ್ಯವೇದದ ನಟ್ಟನಡುವೆ ಇಟ್ಟಿದ್ದಾರೆ. ನಾನು ಸಭೆಯ ಹೊರಗೆ ನಿಂತವಳು ಎಂದುಕೊಂಡಿದ್ದೆ, ನನ್ನ ಹೆಸರಿನ ಕುರ್ಚಿಯನ್ನು ಒಳಗೇ ಹಾಕಿದ್ದರು.

ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷದ ನಂತರ, 2007ರಲ್ಲಿ, ಅವರ ಪತ್ರಗಳು ಅಚ್ಚಾದವು. ದಶಕಗಳ ಕಾಲ ದೇವರು ದೂರವಿದ್ದಂತೆ ಅನ್ನಿಸಿತ್ತೆಂದು ಅವರೇ ಬರೆದುಕೊಂಡಿದ್ದರು. ಕೆಲವರು ಅದನ್ನು ಓದಿ ಬೆಚ್ಚಿದರು. ನನಗೆ ಸಮಾಧಾನವಾಯಿತು. ಆದರೆ ಆ ಉದಾಹರಣೆಯನ್ನು ನಾನು ಹೆಚ್ಚು ಬಳಸುವುದಿಲ್ಲ. ಅಷ್ಟು ದೊಡ್ಡವರ ಹೆಸರು ಹೇಳಿದರೆ ನಮ್ಮ ಸಣ್ಣ ಸೋಮಾರಿತನವೂ ತಪಸ್ಸಿನಂತೆ ಕಾಣಲು ತೊಡಗುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಆ ನರ್ಸ್ ಹುಡುಗಿಗೆ ನಾನು ಕೀರ್ತನೆಯ ಮಾತು ಎತ್ತಲಿಲ್ಲ, ಪ್ರವಾದಿ ಎಲೀಯನ ಕಥೆ ಹೇಳಿದೆ. ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿಹೋದ ಎಲೀಯ ಒಂದು ಗಿಡದ ಕೆಳಗೆ ಕೂತು ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದ. ದೇವದೂತ ಬಂದು ಅವನಿಗೆ ಪ್ರಸಂಗ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ತಿನ್ನು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲ್ಲನೆಯ ಸ್ವರ ಕೇಳಿದ್ದೆಲ್ಲ ಆಮೇಲಿನ ಮಾತು. ಆರು ತಿಂಗಳಿಂದ ಸರಿಯಾಗಿ ನಿದ್ದೆ ಮಾಡದವಳಿಗೆ ಬೇಕಾದದ್ದು ನಿದ್ದೆ. ನಿದ್ದೆ, ಊಟ, ಆಸೆ ಎಲ್ಲವೂ ವಾರಗಟ್ಟಲೆ ಹೋಗಿದ್ದರೆ ವೈದ್ಯರ ಹತ್ತಿರ ಹೋಗಬೇಕು. ಅದನ್ನು ನಂಬಿಕೆಯ ಕೊರತೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ, ಅವರು ಎಷ್ಟು ದೊಡ್ಡ ಸ್ವರದಲ್ಲಿ ಹೇಳಿದರೂ.

ಇನ್ನು ಅಕ್ಕನ ವಿಷಯ. ಬರೆದಿಟ್ಟ ಮಾತಿನಲ್ಲಿ ಒಂದು ಅಪಾಯವಿದೆ, ಅದು ನಮಗೆ ಬೇಕಾದಲ್ಲಿ ಮಾತ್ರ ನಿಲ್ಲುವುದಿಲ್ಲ. ಸ್ವಂತ ಮಾತಿನಲ್ಲಿ ಪ್ರಾರ್ಥಿಸುವಾಗ ನಾನು ಚೆನ್ನಾಗಿ ದಾರಿ ತಪ್ಪಿಸಬಲ್ಲೆ. ಕೀರ್ತನೆ ಮುಗಿದ ಮೇಲೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುವ ರೂಢಿ ಮಾಡಿಕೊಂಡಿದ್ದೆ, ಅನುದಿನದ ಆಹಾರದವರೆಗೆ ಸರಾಗ. “ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ” ಬಂದಾಗ ಸ್ವರ ತಾನಾಗಿ ಇಳಿಯುತ್ತಿತ್ತು. ಅಪ್ಪನ ಹದಿನೆಂಟು ಸೆಂಟ್ಸ್ ಜಾಗದ ವಿಷಯಕ್ಕೆ ಅಕ್ಕನೂ ನಾನೂ ಮೂರು ವರ್ಷದಿಂದ ಮಾತು ಬಿಟ್ಟಿದ್ದೆವು. ತಪ್ಪು ಅವಳದೇ ಎಂದು ಈಗಲೂ ನನಗೆ ಅನ್ನಿಸುತ್ತದೆ. ಆದರೆ ದಿನವೂ ಒಂದೇ ಸಾಲಿನಲ್ಲಿ ಗಂಟಲು ಹಿಡಿದರೆ ಎಷ್ಟು ದಿನ ಕೆಮ್ಮಿ ಮುಂದೆ ಹೋಗುವುದು? ಮೂರನೆಯ ಸುತ್ತಿನ ನಡುವೆ, ಜುಲೈ ತಿಂಗಳು, ಒಂದು ಬೆಳಿಗ್ಗೆ ಒಲೆ ಆರಿಸಿ ಶಿವಮೊಗ್ಗಕ್ಕೆ ಫೋನು ಮಾಡಿದೆ. ಅಕ್ಕ ಎತ್ತಿದಳು. ಹೆಸರು ಹಿಡಿದು ಕರೆಯಲಿಲ್ಲ.

“ಅಲ್ಲಿ ಮಳೆ ಹೇಗಿದೆ?” ಎಂದಳು.

“ಜೋರು. ಬಾವಿ ಕಟ್ಟೆಯವರೆಗೆ ನೀರು ಬಂದಿದೆ.”

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವಳೇ ಕೇಳಿದಳು, “ಅಪ್ಪನ ಸತ್ಯವೇದ ನಿನ್ನಲ್ಲೇ ಇದೆಯಲ್ಲ? ಮೊದಲ ಹಾಳೆಯಲ್ಲಿ ನಮ್ಮ ಹುಟ್ಟಿದ ತಾರೀಕು ಬರೆದಿದ್ದರು. ಅದರದೊಂದು ಫೋಟೊ ಕಳಿಸುತ್ತೀಯಾ?”

ಅಪ್ಪನದು ಓರೆಯಕ್ಷರ, ನೀಲಿ ಶಾಯಿ ಕಂದಿದೆ. ಮೇಲೆ ಅವಳ ಹೆಸರು, ಕೆಳಗೆ ನನ್ನದು, ನಡುವೆ ನಾಲ್ಕು ವರ್ಷ. ಕಿಟಕಿಯ ಬೆಳಕಿಗೆ ಹಿಡಿದು ಫೋಟೊ ತೆಗೆದು ಕಳಿಸಿದೆ. ಜಾಗದ ಕಾಗದ ಇನ್ನೂ ವಕೀಲರ ಹತ್ತಿರವೇ ಇದೆ.