ಕ್ಲಾಸ್ ಮುಗಿದ್ಮೇಲೆ ಶುರುವಾಗ್ತಿದ್ದ ಜಗಳಗಳು

ಮಾನಸಗಂಗೋತ್ರಿ, ಅಂದ್ರೆ ನಮ್ಮ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸು, ಅದರ ನೆನಪು ಬರ್ಕೊಡಿ ಅಂದ್ರೆ ಎಲ್ರೂ ಕುಕ್ಕರಹಳ್ಳಿ ಕೆರೆ ಏರಿ ಮೇಲಿನ ವಾಕಿಂಗು, ಹಾಸ್ಟೆಲ್ ಮೆಸ್ಸು, ಫೆಲೋಶಿಪ್ ಲೇಟಾಗಿ ಬಂದದ್ದು ಇದನ್ನೇ ಬರೀತಾರೆ, ನಾನು ಅದನ್ನ ಬಿಟ್ಬಿಡ್ತೀನಿ. ನಂಗೆ ಜಾಸ್ತಿ ನೆನಪಿರೋದು ನಮ್ಮ ಪಿಎಚ್‌ಡಿ ಕೋರ್ಸ್‌ವರ್ಕ್ ಟೈಮಲ್ಲಿ ನಾವು ಆಡಿದ ಜಗಳಗಳು. ಜಗಳ ಅಂದ್ರೆ ಮಾತಿನ ಜಗಳಾನೇ, ಆದ್ರೂ ಎರಡು ದಿನ ಮುಖ ಕೊಟ್ಟು ಮಾತಾಡದೇ ಇರೋಷ್ಟು ಜೋರು.

2019ರ ಕೊನೇಲಿ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಯುಜಿಸಿಯವರು ಎಲ್ಲಾ ಪಿಎಚ್‌ಡಿ ವಿದ್ಯಾರ್ಥಿಗಳೂ ಸಂಶೋಧನೆ ಮತ್ತು ಪ್ರಕಟಣೆ ನೀತಿ ಅಂತ 2 ಕ್ರೆಡಿಟ್ಟಿನ ಪೇಪರ್ ಓದ್ಲೇಬೇಕು ಅಂತ ಮಾಡಿದ್ರಲ್ಲ, 30 ಗಂಟೆ ಪಾಠ, ಅದಕ್ಕೆ ಬೇರೆ ಬೇರೆ ವಿಭಾಗದವ್ರನ್ನ ಒಂದೇ ಹಾಲಲ್ಲಿ ಕೂರಿಸ್ತಿದ್ರು. ನಾನು ಜಾನಪದ, ಪಕ್ಕದಲ್ಲಿ ಕೆಮಿಸ್ಟ್ರಿಯ ಹಾಸನದ ಹುಡುಗಿ, ಹಿಂದಿನ ಬೆಂಚಲ್ಲಿ ಸೋಶಿಯಾಲಜಿಯ ಒಬ್ಬ, ಕನ್ನಡ ವಿಭಾಗದ ಕೊಳ್ಳೇಗಾಲದ ಅಕ್ಕ ಒಬ್ಬರು, ನಮಗಿಂತ ವಯಸ್ಸಲ್ಲಿ ದೊಡ್ಡವರು, ಹೈಸ್ಕೂಲಲ್ಲಿ ಟೀಚರ್ ಆಗಿದ್ಕೊಂಡೇ ಪಾರ್ಟ್ ಟೈಮ್ ಮಾಡ್ತಿದ್ರು. ಪಾಠ ಏನೋ ಇಂಗ್ಲಿಷ್ ಸ್ಲೈಡಲ್ಲಿ ಮುಗೀತಿತ್ತು, ನಿಜವಾದ ಕ್ಲಾಸು ಆಮೇಲೆ ಕ್ಯಾಂಟೀನ್ ಮುಂದಿನ ಮರದ ಕೆಳಗೆ.

ಮೊದಲ ದೊಡ್ಡ ಜಗಳ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಬಗ್ಗೆ. ಮೈಸೂರಿನವರೇ, 1948ರಲ್ಲಿ ಇಲ್ಲೇ ಹತ್ತಿರದ ಒಂದು ಹಳ್ಳೀಲಿ ಇದ್ಕೊಂಡು ಕ್ಷೇತ್ರಕಾರ್ಯ ಮಾಡಿದ್ರು, ಪುಸ್ತಕದಲ್ಲಿ ಆ ಊರಿಗೆ ರಾಂಪುರ ಅಂತ ಬೇರೆ ಹೆಸರಿಟ್ರು. 1970ರಲ್ಲಿ ಅಮೆರಿಕಾದ ಸ್ಟ್ಯಾನ್‌ಫರ್ಡಲ್ಲಿ ಅವರಿದ್ದ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದ್ರು, ವರ್ಷಾನುಗಟ್ಟಲೆ ಕೂತು ತಿದ್ದಿ ಜೋಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿ ಹೋಯ್ತು. ಆಮೇಲೆ ಮುಖ್ಯವಾಗಿ ನೆನಪಿನಿಂದ್ಲೇ ಬರೆದ ಪುಸ್ತಕ 1976ರಲ್ಲಿ ಬಂತು. ಕೆಮಿಸ್ಟ್ರಿಯವಳು ಇದನ್ನ ಕೇಳಿ ಬೆಚ್ಚಿಬಿದ್ಲು. ನಮ್ಮಲ್ಲಿ ಲ್ಯಾಬ್ ನೋಟ್‌ಬುಕ್ಕಲ್ಲಿ ಡೇಟ್ ಹಾಕಿ ಬರೀದಿದ್ರೆ ಆ ಪ್ರಯೋಗ ನಡೆದೇ ಇಲ್ಲ ಅಂತ ಲೆಕ್ಕ, ನಿಮ್ಮಲ್ಲಿ ಸುಟ್ಟೋದ್ರೂ ನಡಿಯುತ್ತಾ ಅಂದ್ಲು. ಸೋಶಿಯಾಲಜಿಯವನಿಗೆ ಕೋಪ ಬಂತು, ಹನ್ನೊಂದು ಹನ್ನೆರಡು ತಿಂಗಳು ಆ ಊರಲ್ಲಿ ಉಂಡು ಮಲಗಿ ಎದ್ದ ಮನುಷ್ಯನಿಗೆ ಊರು ತಲೇಲಿರುತ್ತೆ ಕಣೇ, ಟೆಸ್ಟ್ ಟ್ಯೂಬಲ್ಲಿ ಅಲ್ಲ ಅಂದ. ನಾನು ಅವನ ಪಾರ್ಟಿ, ಯಾಕಂದ್ರೆ ನಮ್ಮ ಕಡೆ ಹಾಡುಗಾರ ಪರಂಪರೆಯ ನೀಲಗಾರರು ಮಂಟೇಸ್ವಾಮಿ ಅನ್ನೋ ಸಂತನ ಕಾವ್ಯಾನ ರಾತ್ರಿಯಿಡೀ ಒಂದು ಚೀಟಿ ಇಲ್ಲದೆ ಹಾಡ್ತಾರೆ, ಅದನ್ನ ಯಾರೂ ಅನುಮಾನ ಪಡಲ್ಲ, ಅದೇ ಕೆಲಸ ಪ್ರೊಫೆಸರ್ ಮಾಡಿದ್ರೆ ಮಾತ್ರ ಯಾಕೆ ಅನುಮಾನ ಅಂತ ನನ್ನ ವಾದ.

ಅಕ್ಕ ಅಷ್ಟೊತ್ತೂ ಸುಮ್ನೆ ಕಾಫಿ ಕುಡೀತಿದ್ರು. ಆಮೇಲೆ ಕೇಳಿದ್ರು, ನೋಟ್ಸ್ ಸುಟ್ಟಿದ್ದು ಬಿಡಿ, ಸುಡದೇ ಇದ್ದಿದ್ರೆ ಅದರಲ್ಲಿ ಹೊಲಗೇರಿ ಎಷ್ಟು ಪುಟ ಇರ್ತಿತ್ತು? ತಾನು ಬ್ರಾಹ್ಮಣ, ಊರ ಪಟೇಲರ ಆಸರೆಯಲ್ಲಿದ್ದವನು, ಹಾಗಾಗಿ ತನಗೆ ಕಂಡಿದ್ದು ಮೇಲಿನವರ ಕಣ್ಣಿನ ಊರು ಅಂತ ಶ್ರೀನಿವಾಸರೇ ಒಪ್ಕೊಂಡಿದ್ದಾರಲ್ಲ ಅಂದ ಸೋಶಿಯಾಲಜಿಯವನು. ಒಪ್ಕೊಂಡದ್ದು ದೊಡ್ಡತನ, ಆದ್ರೆ ಒಪ್ಕೊಂಡ ಮಾತ್ರಕ್ಕೆ ಕಾಣದೇ ಇದ್ದದ್ದು ಕಾಣಲ್ವಲ್ಲಪ್ಪ ಅಂದ್ರು ಅಕ್ಕ. ಆ ದಿನ ಯಾರೂ ಮುಂದೆ ಮಾತಾಡ್ಲಿಲ್ಲ. ನಂಗೆ ಈಗಲೂ ಅನ್ಸೋದು, ಆ ಪೇಪರಿನ 30 ಗಂಟೇಲಿ ಬರದೇ ಇದ್ದದ್ದು ಆ ಒಂದು ಮಾತಲ್ಲಿ ಬಂತು, ಮೆಥಡ್ ಅನ್ನೋದು ಎಲ್ಲಿ ರೂಮ್ ಮಾಡ್ತೀವಿ, ಯಾರ ಮನೇಲಿ ಊಟ ಮಾಡ್ತೀವಿ ಅನ್ನೋದ್ರಿಂದ್ಲೇ ಶುರುವಾಗುತ್ತೆ.

ಪ್ಲೇಜಿಯರಿಸಂ, ಅಂದ್ರೆ ಬೇರೆಯವರು ಬರೆದದ್ದನ್ನ ಕದಿಯೋದು, ಅದರ ಕಥೆ ಬೇಗ ಹೇಳಿಬಿಡ್ತೀನಿ, ಯಾಕಂದ್ರೆ ಅದು ಬರೀ ತಮಾಷೆ. 2018ರ ಯುಜಿಸಿ ನಿಯಮದ ಪ್ರಕಾರ ಥೀಸಿಸ್ಸಲ್ಲಿ ಬೇರೆ ಬರಹದ ಜೊತೆ ಶೇಕಡ 10ರವರೆಗೆ ಹೋಲಿಕೆ ಬಂದ್ರೆ ದಂಡ ಇಲ್ಲ, ಅದಕ್ಕಿಂತ ಮೇಲೆ ಹೋದ್ರೆ ತಿದ್ದಿ ಕೊಡಬೇಕು, 60 ದಾಟಿದ್ರೆ ರಿಜಿಸ್ಟ್ರೇಷನ್ನೇ ಕ್ಯಾನ್ಸಲ್. ಕೆಮಿಸ್ಟ್ರಿಯವಳಿಗೆ ರಾತ್ರಿ ನಿದ್ದೆ ಇಲ್ಲ. ನಮ್ಮದು ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು, ಹಳೇ ಫಾಂಟು, ಯುನಿಕೋಡ್ ಅಲ್ಲ, ಹೋಲಿಕೆ ಹುಡುಕೋ ಸಾಫ್ಟ್‌ವೇರಿಗೆ ಅದು ಕನ್ನಡ ಅಂತಾನೇ ಗೊತ್ತಾಗ್ತಿರಲಿಲ್ಲ, ಬರೀ ಇಂಗ್ಲಿಷ್ ಅಕ್ಷರದ ಕಸ. ಕದಿಯೋನಿಗೆ ಇದಕ್ಕಿಂತ ಒಳ್ಳೇ ಕಾಲ ಬರಲ್ಲ ಅಂತ ನಗಾಡ್ತಿದ್ವಿ. ಅಕ್ಕ ಮಾತ್ರ ನಗ್ತಿರಲಿಲ್ಲ, ಮೆಷಿನ್ನಿಗೆ ಕಾಣಲ್ಲ ಅಂತ ಗೊತ್ತಿದ್ದಾಗ್ಲೇ ಅಲ್ವಾ ನಿಮ್ಮ ಯೋಗ್ಯತೆ ಗೊತ್ತಾಗೋದು ಅಂತಿದ್ರು.

ಹಾಡಿದವರ ಹೆಸರಿನ ವಿಷಯಕ್ಕೆ ಬಂದಾಗ ಜಗಳ ನಿಜವಾಗ್ಲೂ ಜೋರಾಯ್ತು. ಹಳೇ ಎಷ್ಟೋ ಜನಪದ ಸಂಕಲನಗಳಲ್ಲಿ ಮುಖಪುಟದಲ್ಲಿ ಸಂಪಾದಕರ ಹೆಸರು, ಹಾಡಿದ ಅಜ್ಜಿ ಎಲ್ಲೋ ಕೊನೇ ಪುಟದ ಪಟ್ಟೀಲಿ, ಕೆಲವದರಲ್ಲಿ ಅದೂ ಇಲ್ಲ. ಮಲೆ ಮಾದೇಶ್ವರ ಕಾವ್ಯಕ್ಕೆ ಅದನ್ನ ಹಾಡಿದ ಹೆಬ್ಬಣಿ ಮಾದಯ್ಯ ಮತ್ತವರ ತಂಡದ ಹೆಸರು ಸಂಗ್ರಹಿಸಿದ ಕೆ. ಕೇಶವನ್ ಪ್ರಸಾದ್ ಹೆಸರಿನ ಜೊತೆ ಬಂದದ್ದು ನೋಡಿ ನಂಗೆ ಭಾಳ ಖುಷಿಯಾಗಿತ್ತು, ಹಂಗೇ ಆಗ್ಬೇಕು ಅಂತ ನಾನು. ಇನ್ನು ದುಡ್ಡು? ಸೋಶಿಯಾಲಜಿಯವನ ಪ್ರಕಾರ ದುಡ್ಡು ಕೊಟ್ರೆ ಉತ್ತರ ಕೆಡುತ್ತೆ. ಅಯ್ಯೋ ಮಾರಾಯ, ಕೂಲಿ ಬಿಟ್ಟು ಬಂದು ಇಡೀ ದಿನ ತಂಬೂರಿ ಹಿಡ್ಕೊಂಡು ನಿನ್ನ ಮೊಬೈಲ್ ಮುಂದೆ ಕೂತೋನಿಗೆ ಟೀ ಬನ್ನು ಕೊಟ್ಟು ಕಳಿಸಿದ್ರೆ ಉತ್ತರ ಶುದ್ಧವಾಗಿರುತ್ತಾ ಅಂತ ನಾನು. ಇದು ಇವತ್ತಿಗೂ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಬಗೆಹರಿದಿಲ್ಲ, ಬಗೆಹರಿಯೋದೂ ಬೇಡ.

ಒಪ್ಪಿಗೆ ಪತ್ರದ್ದು ಇನ್ನೊಂದು. ಕ್ಲಾಸಲ್ಲಿ ಕೊಟ್ಟ ಮಾದರಿ ಫಾರಂ ಎರಡು ಪುಟ ಇಂಗ್ಲಿಷ್. ಅದನ್ನ ಕನ್ನಡ ಮಾಡ್ಕೊಂಡು ಒಬ್ಬ ಸೋಬಾನೆ ಹಾಡೋ ಅಜ್ಜಿ ಹತ್ರ ಹೋದ್ರೆ ಅವರು ಕಾಗದ ನೋಡಿದ ತಕ್ಷಣ ಎದ್ದುಬಿಟ್ರು. "ಎಬ್ಬೆಟ್ಟು ಒತ್ತಿ ಒತ್ತಿನೇ ಕಣಪ್ಪ ನಮ್ಮಪ್ಪ ಒಲ ಕಳ್ಕಂಡದ್ದು, ಆಡು ಬೇಕಾದ್ರೆ ಏಳ್ತೀನಿ, ಎಬ್ಬೆಟ್ಟು ಮಾತ್ರ ಕೇಳ್ಬೇಡ." ಇದನ್ನ ಬಂದು ಹೇಳಿದಾಗ ಕೆಮಿಸ್ಟ್ರಿಯವಳೇ ದಾರಿ ಹೇಳಿದ್ದು, ಬಾಯಿಮಾತಲ್ಲೇ ಕೇಳಿ, ಅವರು ಹೂಂ ಅಂದದ್ದನ್ನ ರೆಕಾರ್ಡ್ ಮಾಡ್ಕೊ, ಯಾವ ಹಾಡು ಹಾಕ್ಬಾರ್ದು ಅಂತಾರೋ ಅದನ್ನೂ ಅದರಲ್ಲೇ ಕೇಳು ಅಂತ. ಲ್ಯಾಬಿನವಳಿಗೆ ಹಳ್ಳಿ ಗೊತ್ತಿಲ್ಲ ಅನ್ಕೊಂಡಿದ್ದ ನಮ್ಮೆಲ್ಲರ ಬಾಯಿ ಮುಚ್ಚಿತು.

ಕೊನೇದು ಚಿಕ್ಕಲ್ಲೂರು. ಕೊಳ್ಳೇಗಾಲದ ಕಡೆಯ ಆ ಜಾತ್ರೆ ಜನವರಿ ಹುಣ್ಣಿಮೆಗೆ ಶುರು, ಐದು ದಿನ, ಮೊದಲ ರಾತ್ರಿ ಬಿದಿರಲ್ಲಿ ಚಂದ್ರಮಂಡಲ ಕಟ್ಟಿ ಉರಿಸ್ತಾರೆ, ಆಮೇಲೆ ಬಿಡಾರ ಹಾಕಿ ಬಾಡೂಟ ಮಾಡಿ ಜಾತಿ ನೋಡದೆ ಪಂಕ್ತೀಲಿ ಕೂತು ಉಣ್ತಾರೆ. ಪ್ರಾಣಿಬಲಿ ನಿಷೇಧ ಅಂತ ಪೊಲೀಸ್ ಚೆಕ್‌ಪೋಸ್ಟು, ಇದು ಬಲಿ ಅಲ್ಲ ಪಂಕ್ತಿಸೇವೆ ಅಂತ ಭಕ್ತರ ವಾದ, ಇದೆಲ್ಲ ಪೇಪರಲ್ಲಿ ಬಂದಿರೋದೇ. ನನ್ನ ಹತ್ರ ಯಾವ ಬಿಡಾರದಲ್ಲಿ ಏನು ಬೇಯ್ತಿತ್ತು, ಯಾವೂರಿನವ್ರು, ಫೋಟೋ ಸಮೇತ ಇತ್ತು. ಬರೀಬೇಕಾ? ಕಂಡದ್ದು ಬರೀದಿದ್ರೆ ಅದೆಂಥ ಸಂಶೋಧನೆ ಅಂತ ಸೋಶಿಯಾಲಜಿಯವನು. ನಿನ್ನ ಥೀಸಿಸ್ ನಾಳೆ ಸ್ಟೇಷನ್ನಲ್ಲಿ ಸಾಕ್ಷಿ ಆಗುತ್ತೆ ಅಂತ ಅಕ್ಕ, ಅವರು ಚಿಕ್ಕಂದಿನಿಂದ ಆ ಪಂಕ್ತೀಲಿ ಕೂತು ಉಂಡವರು. ಎರಡು ಸಂಜೆ ಇದೇ ನಡೀತು. ಊಟದ ವಿವರ ಪೂರ್ತಿ ಬರೆದೆ, ಊರು, ಮನೆತನ, ಮುಖ ಕಾಣೋ ಫೋಟೋ ಎಲ್ಲ ತೆಗೆದೆ.

ವೈವಾದಲ್ಲಿ, ಅಂದ್ರೆ ಥೀಸಿಸ್ಸಿನ ಮೌಖಿಕ ಪರೀಕ್ಷೇಲಿ, ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಅಧ್ಯಾಯಕ್ಕೇ ಬಂದ್ರು, ಇವರು ಯಾವ ಊರಿನವರು, ಯಾಕೆ ಹಾಕಿಲ್ಲ ಅಂತ. ಹೇಳಕ್ಕಾಗಲ್ಲ ಸರ್, ಅವರಿಗೆ ಮಾತು ಕೊಟ್ಟಿದ್ದೀನಿ ಅಂದೆ. ಹಿಂದಿನ ಸಾಲಲ್ಲಿ ಕೂತಿದ್ದ ಅಕ್ಕನ ಕಡೆ ನೋಡೋ ಧೈರ್ಯ ಇರಲಿಲ್ಲ. ಪರೀಕ್ಷಕರು ಸ್ವಲ್ಪ ಹೊತ್ತು ಪುಟ ತಿರುವಿ, ಸರಿ, ಹಂಗಾದ್ರೆ ಹೇಳಲ್ಲ ಅನ್ನೋದನ್ನ, ಯಾಕೆ ಹೇಳಲ್ಲ ಅನ್ನೋದನ್ನ ಅಡಿಟಿಪ್ಪಣೀಲಿ ಬರೀರಿ, ಬರೆದು ಹಾರ್ಡ್ ಕಾಪಿ ಕೊಡಿ ಅಂದ್ರು. ಆ ಟಿಪ್ಪಣಿ ಕರಡು ಮಾಡಿದ್ದು ಅಕ್ಕ, ತಿದ್ದಿದ್ದು ಸೋಶಿಯಾಲಜಿಯವನು, ಅದೂ ಗೊಣಗ್ಕೊಂಡೇ.