ಅರ್ಧ ಸೆಂಟಿಮೀಟರ್ ನೆರಳು

ಹೈಸ್ಕೂಲಿನಲ್ಲಿ ಪ್ರಾಜೆಕ್ಟ್ ಅಂದರೆ ಏನು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಹಿಂದಿನ ರಾತ್ರಿ ಥರ್ಮಾಕೋಲ್, ಗೋಂದು, ಬಣ್ಣ. ಅಪ್ಪ ಕತ್ತರಿಸುತ್ತಾರೆ, ಅಮ್ಮ ಅಂಟಿಸುತ್ತಾರೆ, ಮಗು ನಿದ್ದೆಗಣ್ಣಲ್ಲಿ ತನ್ನ ಹೆಸರು ಬರೆಯುತ್ತದೆ. ಮರುದಿನ ಜ್ವಾಲಾಮುಖಿ ಉಕ್ಕುತ್ತದೆ, ಮಾರ್ಕ್ಸ್ ಬೀಳುತ್ತದೆ, ಮುಗಿಯಿತು. ಭಾಷೆ ಕಲಿಸುವ ನನಗೆ ಈ ಗದ್ದಲದಲ್ಲಿ ಏನೂ ಕೆಲಸವಿಲ್ಲ. ನನ್ನ ಪೀರಿಯಡ್ ಹೋಗುತ್ತದೆ, ಅಷ್ಟೇ.

ಆ ಸಲವೂ ಹೋಯಿತು. ವಿಜ್ಞಾನದ ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು, "ಮೇಡಂ, ಮಾರ್ಚ್ 21ಕ್ಕೆ ಒಂಬತ್ತನೇ ಕ್ಲಾಸಿನ ನಿಮ್ಮ ಪೀರಿಯಡ್ ಕೊಡಿ. ಭೂಮಿ ಅಳೀಬೇಕು" ಅಂದರು. ತಮಾಷೆ ಅಂದುಕೊಂಡೆ. "ನೀವೂ ಬನ್ನಿ, ಗಡಿಯಾರ ನೋಡೋಕೆ ಒಬ್ಬರು ಬೇಕು" ಅಂದರು. ತಮಾಷೆ ಆಗಿರಲಿಲ್ಲ.

ಕ್ರಿ.ಪೂ. 240ರ ಸುಮಾರಿಗೆ ಎರಟೋಸ್ತನೀಸ್ ಅನ್ನುವವನು ಇದನ್ನೇ ಮಾಡಿದ್ದನಂತೆ. ಈಜಿಪ್ಟಿನ ಸಯೀನ್ ಊರಿನಲ್ಲಿ ಬೇಸಿಗೆಯ ಅತಿ ಉದ್ದದ ದಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆರಳು ಬೀಳುವುದಿಲ್ಲ. ಅದೇ ಹೊತ್ತಿಗೆ ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಬೀಳುತ್ತದೆ. ಅಲ್ಲಿ ನೆಟ್ಟಗೆ ನಿಂತ ಕೋಲಿಗೂ ಬಿಸಿಲಿನ ಗೆರೆಗೂ ನಡುವಿನ ಕೋನ 7.2 ಡಿಗ್ರಿ, ಅಂದರೆ ಪೂರ್ತಿ ಸುತ್ತಿನ 50ರಲ್ಲಿ ಒಂದು ಪಾಲು. ಹಾಗಾದರೆ ಎರಡು ಊರುಗಳ ನಡುವಿನ ದೂರವನ್ನು 50ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ ಸಿಗಬೇಕು, ಅಲ್ವಾ? ಇಷ್ಟೇ ಲೆಕ್ಕ. ನನಗೂ ಅರ್ಥವಾಯಿತು ಅಂದಮೇಲೆ ಒಂಬತ್ತನೇ ಕ್ಲಾಸಿನವರಿಗೆ ಏನು ಕಷ್ಟ!

ನಮ್ಮಿಂದ ನೇರ ದಕ್ಷಿಣಕ್ಕಿದ್ದ ಇನ್ನೊಂದು ಶಾಲೆಯ ಮೇಷ್ಟ್ರ ಜೊತೆ ಇವರು ಮೊದಲೇ ಮಾತಾಡಿಕೊಂಡಿದ್ದರು. ಎರಡೂ ಶಾಲೆಗಳು ಹೆಚ್ಚು ಕಡಿಮೆ ಒಂದೇ ರೇಖಾಂಶದ ಮೇಲಿದ್ದವು. ಅಲ್ಲೂ ಒಂದು ಮೀಟರ್ ಕೋಲು, ಇಲ್ಲೂ ಒಂದು ಮೀಟರ್ ಕೋಲು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯಾ ಅಂತ ಮಕ್ಕಳೇ ನೋಡಿಕೊಂಡರು.

"ಯಾವಾಗ ಅಳೀಬೇಕು ಸರ್?"

"ಮಧ್ಯಾಹ್ನ."

"ಮಧ್ಯಾಹ್ನ ಅಂದ್ರೆ ಹನ್ನೆರಡಕ್ಕಾ?"

"ನೀವೇ ನೋಡಿ" ಅಂದು ಅವರು ಮರದ ಕೆಳಗೆ ಹೋಗಿ ನಿಂತರು.

ನಾನು ಗಡಿಯಾರ ನೋಡಿ ಹನ್ನೆರಡು ಅಂದೆ. ಮಕ್ಕಳು ನೆಲಕ್ಕೆ ಹಾಸಿದ್ದ ಹಾಳೆಯ ಮೇಲೆ ಚುಕ್ಕೆ ಇಟ್ಟರು. ಸುಮಾರು 29.5 ಸೆಂಟಿಮೀಟರ್. ಅರ್ಧಕ್ಕರ್ಧ ಮಕ್ಕಳು ಅಲ್ಲಿಗೆ ಮುಗಿಯಿತು ಅಂತ ನೆರಳಿಗೆ ಓಡಿದರು. ಒಂದು ಹುಡುಗಿ ಮಾತ್ರ ಅಲ್ಲೇ ಕೂತಿದ್ದಳು. ಕ್ಲಾಸಿನಲ್ಲಿ ಬಾಯಿ ಬಿಡುವವಳೇ ಅಲ್ಲ. ಹತ್ತು ನಿಮಿಷ ಬಿಟ್ಟು ಇನ್ನೊಂದು ಚುಕ್ಕೆ ಇಟ್ಟಳು. ಆಮೇಲೆ ಇನ್ನೊಂದು. "ಮಿಸ್, ನೆರಳು ಇನ್ನೂ ಚಿಕ್ಕದಾಗ್ತಾ ಇದೆ" ಅಂದಳು. ಓಡಿದವರೆಲ್ಲ ವಾಪಸ್ ಬಂದರು. ಹನ್ನೆರಡೂವರೆ ಹೊತ್ತಿಗೆ ಅದು 26.8ಕ್ಕೆ ಇಳಿದು, ಆಮೇಲೆ ಮತ್ತೆ ಉದ್ದವಾಗತೊಡಗಿತು.

ಮೇಷ್ಟ್ರಿಗೆ ಇದು ಮೊದಲೇ ಗೊತ್ತಿತ್ತು. ಗಡಿಯಾರದ ಹನ್ನೆರಡು ಇಡೀ ದೇಶಕ್ಕೆ ಒಂದೇ, ಸೂರ್ಯನ ಹನ್ನೆರಡು ಊರೂರಿಗೆ ಬೇರೆ. ರೇಖಾಂಶ ಒಂದು ಡಿಗ್ರಿ ಬದಲಾದರೆ ನಾಲ್ಕು ನಿಮಿಷ ವ್ಯತ್ಯಾಸ. ಬೋರ್ಡಿನ ಮೇಲೆ ಒಂದು ಸಾಲಿನಲ್ಲಿ ಬರೆದುಬಿಡಬಹುದಿತ್ತು. ಬರೆಯಲಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ನಮ್ಮ ವೃತ್ತಿಯಲ್ಲಿ ಎಷ್ಟು ಕಷ್ಟ ಅಂತ ಪಾಠ ಮಾಡುವವರಿಗೇ ಗೊತ್ತು. ನನ್ನ ಕೈಲಂತೂ ಎರಡು ನಿಮಿಷವೂ ಆಗುವುದಿಲ್ಲ.

ನಡುವೆ ದೊಡ್ಡ ಜಗಳವೇ ಆಯಿತು. ನೆರಳಿನ ತುದಿ ಎಲ್ಲಿ? ದೂರದಿಂದ ನೋಡಿದರೆ ಗೆರೆ ಹೊಡೆದ ಹಾಗೆ ಕಾಣುತ್ತದೆ. ಬಗ್ಗಿ ನೋಡಿದರೆ ಗಾಢ ಕಪ್ಪು, ಆಮೇಲೆ ಬೂದು, ಆಮೇಲೆ ಬಿಸಿಲು. ಬೂದು ಪಟ್ಟಿಯೇ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್ ಇದೆ! ಒಬ್ಬ ಕಪ್ಪು ಮುಗಿದಲ್ಲಿ ಚುಕ್ಕೆ ಇಡು ಅಂದ, ಇನ್ನೊಬ್ಬ ಬೂದು ಮುಗಿದಲ್ಲಿ ಅಂದ. ಮೇಷ್ಟ್ರನ್ನು ಕರೆದರು. "ಸೂರ್ಯ ಒಂದು ಚುಕ್ಕೆ ಅಲ್ಲವಲ್ಲ, ಅರ್ಧ ಡಿಗ್ರಿ ಅಗಲ ಇದ್ದಾನೆ. ಒಂದು ಅಂಚಿನ ಬೆಳಕು ಒಂದು ಕಡೆ ಬೀಳುತ್ತೆ, ಇನ್ನೊಂದು ಅಂಚಿನದು ಇನ್ನೊಂದು ಕಡೆ. ತುದಿ ಎಲ್ಲಿ ಅಂತ ನೀವೇ ತೀರ್ಮಾನ ಮಾಡಿ. ಆದರೆ ಪ್ರತಿ ಸಲವೂ ಅದನ್ನೇ ಪಾಲಿಸಿ" ಅಂದರು. ನಡುವೆ ಇಡೋಣ ಅಂತ ರಾಜಿಯಾಯಿತು.

ತ್ರಿಕೋನಮಿತಿ ಅವರಿಗಿನ್ನೂ ಬಂದಿರಲಿಲ್ಲ. ಅದಕ್ಕೇ ಕ್ಲಾಸಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಜ ಅಳತೆಯ ತ್ರಿಕೋನ ಬಿಡಿಸಿ, ಬೋರ್ಡಿಗೆ ಬಳಸುವ ದೊಡ್ಡ ಕೋನಮಾಪಕ ಇಟ್ಟರು. ನಮ್ಮದು 15 ಡಿಗ್ರಿ. ಆ ಶಾಲೆಯವರ ನೆರಳು 15.8 ಸೆಂಟಿಮೀಟರ್, ಕೋನ 9 ಡಿಗ್ರಿ. ವ್ಯತ್ಯಾಸ 6. ದೂರಕ್ಕೆ ಒಬ್ಬ ಫೋನಿನಲ್ಲಿ ರಸ್ತೆಯ ಕಿಲೋಮೀಟರ್ ನೋಡಿ ಬಂದ. "ರಸ್ತೆ ಎಲ್ಲೆಲ್ಲೋ ತಿರುಗುತ್ತಲ್ಲೋ" ಅಂತ ಗೆಳೆಯರೇ ಬೈದರು. ನಕ್ಷೆಯಲ್ಲಿ ನೇರ ಗೆರೆ ಹಾಕಿದಾಗ 700 ಕಿಲೋಮೀಟರ್ ಬಂತು. 6 ಡಿಗ್ರಿಗೆ 700 ಆದರೆ 360 ಡಿಗ್ರಿಗೆ? 42,000.

ಪುಸ್ತಕದಲ್ಲಿ ಸುಮಾರು 40,000 ಅಂತಿದೆ. ಮಕ್ಕಳ ಮುಖ ಸಣ್ಣದಾಯಿತು.

ಆಗ ಲೆಕ್ಕದಲ್ಲಿ ಚುರುಕಾದ ಹುಡುಗನೊಬ್ಬ ಹಿಂದಿನಿಂದ ಲೆಕ್ಕ ಹಾಕಿಕೊಂಡು ಬಂದ. "ಸರ್, ಅವರ ನೆರಳು 15.8 ಬದಲು 15.3 ಅಂತ ಹಾಕಿದ್ರೆ ಸರಿಯಾಗಿ 40,000 ಬರುತ್ತೆ. ಅರ್ಧ ಸೆಂಟಿಮೀಟರ್ ತಾನೇ?" ಇಡೀ ಕ್ಲಾಸಿಗೆ ಖುಷಿ. ಪ್ರದರ್ಶನಕ್ಕೆ ಬೇರೆ ಇಡಬೇಕಿತ್ತು.

ಮೇಷ್ಟ್ರು ಬೈಯಲಿಲ್ಲ. ಪ್ರಾಮಾಣಿಕತೆಯ ಮೇಲೆ ಭಾಷಣ ಬಿಗಿಯುತ್ತಾರೆ ಅಂತ ನಾನು ಕಾದೆ, ಅದೂ ಇಲ್ಲ. "ಒಳ್ಳೇ ಲೆಕ್ಕ ಹಾಕಿದ್ದೀಯ ಕಣೋ. ಅರ್ಧ ಸೆಂಟಿಮೀಟರಿಗೆ ಭೂಮಿ 2,000 ಕಿಲೋಮೀಟರ್ ಉಬ್ಬುತ್ತೆ ಅಂತಾಯ್ತು. ಅದನ್ನೇ ಚಾರ್ಟಿನಲ್ಲಿ ಬರಿ" ಅಂದರು. ಹುಡುಗ ತಲೆ ಕೆರೆದುಕೊಂಡ. ಆಮೇಲೆ ಬರೆದ. ಮೇಲೆ ದಪ್ಪಕ್ಷರದಲ್ಲಿ 42,000, ಕೆಳಗೆ ಬೂದು ನೆರಳಿನ ಚಿತ್ರ, ಪಕ್ಕದಲ್ಲಿ ಆ ಅರ್ಧ ಸೆಂಟಿಮೀಟರಿನ ಕಥೆ.

ಪ್ರದರ್ಶನಕ್ಕೆ ಬಂದ ತೀರ್ಪುಗಾರರೊಬ್ಬರು ಚಾರ್ಟ್ ನೋಡಿ, "ಉತ್ತರವೇ ತಪ್ಪಿದೆಯಲ್ಲ" ಅಂದು ಮುಂದೆ ಹೋದರು. ವಿವರಿಸಲು ಹುಡುಗ ಬಾಯಿ ತೆರೆಯುವಷ್ಟರಲ್ಲಿ ಅವರು ಪಕ್ಕದ ಜ್ವಾಲಾಮುಖಿಯ ಮುಂದಿದ್ದರು. ನನಗೆ ಮೈಯೆಲ್ಲ ಉರಿಯಿತು. ಮೇಷ್ಟ್ರು ಮಾತ್ರ ಸುಮ್ನೆ ನಕ್ಕರು.

ಚುಕ್ಕೆ ಇಟ್ಟ ಹುಡುಗಿಗೆ ಬಹುಮಾನದ ಚಿಂತೆಯೇ ಇರಲಿಲ್ಲ. ಅವಳ ತಲೆಯಲ್ಲಿ ಬೇರೆ ಹುಳ ಹೊಕ್ಕಿತ್ತು. ಅವಳ ಹಾಳೆಯ ಚುಕ್ಕೆಗಳೆಲ್ಲ ಸ್ಕೇಲ್ ಇಟ್ಟ ಹಾಗೆ ಒಂದೇ ನೇರ ಗೆರೆಯಲ್ಲಿದ್ದವು. "ಸೂರ್ಯ ಆಕಾಶದಲ್ಲಿ ಬಾಗಿ ಹೋಗ್ತಾನೆ, ನೆರಳಿನ ತುದಿ ಯಾಕೆ ನೇರ ಹೋಗುತ್ತೆ ಸರ್? ಯಾವಾಗಲೂ ಹೀಗೇನಾ?" ಅಂತ ಕೇಳಿದಳು. ಉತ್ತರ ಏನು ಬಂದಿರುತ್ತದೆ ನೀವೇ ಊಹಿಸಿ. "ಡಿಸೆಂಬರ್‌ನಲ್ಲಿ ಮಾಡಿ ನೋಡು."

ಡಿಸೆಂಬರ್ ಹೊತ್ತಿಗೆ ಅವರು ಹತ್ತನೇ ಕ್ಲಾಸು. ಓದುವ ವರ್ಷ, ಯಾರಿಗೂ ಪುರುಸೊತ್ತಿಲ್ಲ. ಆದರೂ ಅವಳು ನಾಲ್ಕೈದು ಜನರನ್ನು ಎಳೆದುಕೊಂಡು ಕೋಲು ನೆಟ್ಟಳು. ಮಧ್ಯಾಹ್ನವೇ ನೆರಳು 79 ಸೆಂಟಿಮೀಟರ್, ಹಾಳೆ ಸಾಲದೆ ಇನ್ನೊಂದು ಅಂಟಿಸಬೇಕಾಯಿತು. ಚುಕ್ಕೆಗಳು ಈ ಸಲ ಬಾಗಿದ್ದವು, ಎರಡೂ ಕಡೆ ಕೋಲಿನಿಂದ ದೂರ ಸರಿಯುತ್ತಾ. ಹಾಳೆ ಸುತ್ತಿಕೊಂಡು ಸ್ಟಾಫ್ ರೂಮಿಗೆ ಓಡಿ ಬಂದಳು. "ಸರ್, ಮಾರ್ಚ್ 21ರ ಹಾಗೆ ಹಗಲು ರಾತ್ರಿ ಸಮ ಇರೋ ದಿನ ಮಾತ್ರ ನೇರ ಇರುತ್ತೆ ಅನ್ಸುತ್ತೆ. ಜೂನ್‌ನಲ್ಲಿ ಇನ್ನೊಂದು ಕಡೆಗೆ ಬಾಗಬೇಕು, ಅಲ್ವಾ?"

ಮೇಷ್ಟ್ರು ನನ್ನ ಕಡೆ ತಿರುಗಿದರು. "ಮೇಡಂ, ಜೂನ್ 21ಕ್ಕೆ ನಿಮ್ಮ ಪೀರಿಯಡ್ ಇದೆಯಾ?"